ಹೆಸರಿನ ಹಿಂದುಮುಂದು
(ಸಂಘದ ಕುಟುಂಬ ಸಮ್ಮೇಳನದಲ್ಲಿ ಮಾಡಿದ ಭಾಷಣ)



ಇಂದು ನಾಲ್ಕು ಮಾತನಾಡಬೇಕೆಂದು ಕಾರ್ಯದರ್ಶಿಗಳಿಂದ ಅಪ್ಪಣೆಯಾಯಿತು. ನಾಡುನುಡಿಯ ದೊಡ್ಡ ವಿಷಯಗಳನ್ನು ವಿದ್ವಾಂಸರಿಗೆ ಬಿಟ್ಟು, ನಾನು ತೊಟ್ಟಿಲಷ್ಟು ಚಿಕ್ಕದಾದ ಒಂದು ವಿಷಯವನ್ನು ಆರಿಸಿಕೊಂಡಿದ್ದೇನೆ. ಮಗುವಿಗೆ ಎರಡು ಹೆಸರಿಟ್ಟಾಗ ಯಾವುದು ಮುಂದಿರಬೇಕು, ಯಾವುದು ನಡುವೆ ಇರಬೇಕು ಎಂಬುದೇ ಆ ವಿಷಯ. ‘ಇದೂ ಒಂದು ವಿಷಯವೇ?’ ಎಂದು ಮುಂದಿನ ಸಾಲಿನ ಮಿತ್ರರೊಬ್ಬರು ಮುಗುಳ್ನಗುತ್ತಿದ್ದಾರೆ. ಅವರ ಮಕ್ಕಳೆಲ್ಲ ದೊಡ್ಡವರಾಗಿದ್ದಾರೆ. ಮನೆಗೆ ಹೊಸ ಮಗು ಬಂದವರು ನಗುತ್ತಿಲ್ಲ. ಅದನ್ನೂ ನಾನು ನೋಡುತ್ತಿದ್ದೇನೆ.

ಮೊದಲು ನನ್ನ ಹೆಸರಿನ ಫಜೀತಿಯನ್ನೇ ಹೇಳಿಬಿಡುತ್ತೇನೆ. ನಾನು ಹಾಸನದ ಕಡೆಯವನು. ನಮ್ಮ ಹಳೆಯ ಮೈಸೂರಿನಲ್ಲಿ ಊರಿನ ಹೆಸರು ಮೊದಲು, ತಂದೆಯ ಹೆಸರು ಆಮೇಲೆ, ನಮ್ಮ ಸ್ವಂತ ಹೆಸರು ಎಲ್ಲಕ್ಕೂ ಕೊನೆಗೆ. ಊರಿನಲ್ಲಿರುವಷ್ಟು ಕಾಲ ಮೊದಲಿನವೆರಡೂ ಎರಡು ಅಕ್ಷರಗಳಾಗಿ, ಬಾಗಿಲು ಕಾಯುವವರ ಹಾಗೆ ಸುಮ್ಮನೆ ಮುಂದೆ ನಿಂತಿದ್ದವು. 1971ರಲ್ಲಿ ಈ ಮುಂಬಯಿಗೆ ಬಂದು ಕಚೇರಿಯೊಂದಕ್ಕೆ ಸೇರಿದಾಗ, ‘ಅಕ್ಷರ ಸಾಲದು, ಬಿಡಿಸಿ ಬರೆಯಿರಿ’ ಎಂದರು. ಬಿಡಿಸಿ ಬರೆದೆ. ಮರುದಿನದಿಂದ ಹಾಜರಿ ಪುಸ್ತಕದಲ್ಲಿ ನಾನು ‘ಹಸನ್’ ಆದೆ. ಆ ವರ್ಷದ ಈದ್ ಹಬ್ಬದಂದು ಸಹೋದ್ಯೋಗಿಯೊಬ್ಬರು, ‘ಮನೆಮಂದಿ ದೂರದಲ್ಲಿದ್ದಾರೆ, ಹಬ್ಬದ ದಿನ ನೀವು ಒಂಟಿಯಾಗಿರಬಾರದು’ ಎಂದು ಅಕ್ಕರೆಯಿಂದ ತಮ್ಮ ಮನೆಗೆ ಕರೆದೊಯ್ದು ಶೀರ್ ಕುರ್ಮಾ ಬಡಿಸಿದರು. ಬಟ್ಟಲು ಬರಿದಾಗುವವರೆಗೂ ನಾನು ಗುಟ್ಟು ಬಿಡಲಿಲ್ಲ. ಆಮೇಲೆ, ‘ಸ್ವಾಮಿ, ಅದು ನನ್ನ ಹೆಸರಲ್ಲ, ನಮ್ಮ ಊರಿನ ಹೆಸರು’ ಎಂದೆ. ಅವರು ಬಿದ್ದು ಬಿದ್ದು ನಕ್ಕು ಇನ್ನೊಂದು ಬಟ್ಟಲು ಬಡಿಸಿದರು.

ಅದು ನಗುವ ಭಾಗ. ನಿವೃತ್ತಿಯ ವೇಳೆಗೆ ನೋಡುತ್ತೇನೆ, ಒಂದು ಕಾಗದದಲ್ಲಿ ಊರು ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ತಂದೆಯ ಹೆಸರೇ ನನ್ನ ಹೆಸರು! ಈ ಮೂವರೂ ಒಬ್ಬನೇ ಮನುಷ್ಯ ಎಂದು ಛಾಪಾ ಕಾಗದದ ಮೇಲೆ ಪ್ರಮಾಣ ಮಾಡಿಕೊಡಬೇಕಾಯಿತು. ಅದಾಗುವವರೆಗೆ ಕೈಗೆ ಹಣ ಬರಲಿಲ್ಲ.

ಈ ತೊಡಕಿಗೆ ಮೂಲವೇನೆಂದು ಕೇಳುವಿರಿ. ಕುವೆಂಪು ಅವರ ಹೆಸರನ್ನು ಬಿಡಿಸಿ ನೋಡಿ: ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಊರು, ತಂದೆ, ತಾವು. ಬೇಂದ್ರೆಯವರದನ್ನು ಬಿಡಿಸಿ: ದತ್ತಾತ್ರೇಯ ರಾಮಚಂದ್ರ ಬೇಂದ್ರೆ. ತಾವು, ತಂದೆ, ಮನೆತನ. ಗೋಕಾಕರ ಹೆಸರಿನಲ್ಲಂತೂ ಊರೇ ಅಡ್ಡಹೆಸರಾಗಿ ಕೊನೆಗೆ ಬಂದು ಕುಳಿತಿದೆ: ವಿನಾಯಕ ಕೃಷ್ಣ ಗೋಕಾಕ. ಕರಾವಳಿಯ ಕೋಟ ಶಿವರಾಮ ಕಾರಂತರಲ್ಲಿ ಊರು ಮುಂದೆ, ಮನೆತನ ಹಿಂದೆ, ನಡುವೆ ತಾವು. ಧಾರವಾಡದ ಕಡೆಯವರು ಬಹುಕಾಲ ಮುಂಬಯಿ ಪ್ರಾಂತದಲ್ಲಿದ್ದವರು. ಇಲ್ಲಿನ ಕಚೇರಿಗಳ ರೀತಿಯೇ ಅವರ ಹೆಸರಿನ ರೀತಿಯೂ ಆಯಿತು. ನಾವು ಮೈಸೂರಿನವರು ಬೇರೆ ದೊರೆತನದ ಪ್ರಜೆಗಳು. 1956ರಲ್ಲಿ ರಾಜ್ಯ ಒಂದಾಯಿತು, 1973ರಲ್ಲಿ ಅದರ ಹೆಸರೂ ಒಂದಾಯಿತು. ನಮ್ಮ ಹೆಸರುಗಳ ಸಾಲು ಮಾತ್ರ ಒಂದಾಗಲಿಲ್ಲ. ಹೊರನಾಡಿನಲ್ಲಿ ಇದು ಇನ್ನಷ್ಟು ಗೋಜಲು. ಮದರಾಸಿಗೆ ಹೋದ ನಮ್ಮವರಿಗೆ ತಂದೆಯ ಹೆಸರಿನ ಅಕ್ಷರ ಮುಂದಿಡುವ ಅಲ್ಲಿನ ವಾಡಿಕೆ ಹೊಂದಿಕೊಳ್ಳುತ್ತದೆ. ಹೈದರಾಬಾದಿನ ತೆಲುಗರಲ್ಲಿ ಮನೆತನದ ಹೆಸರೇ ಮುಂದೆ. ದಿಲ್ಲಿಯಲ್ಲಿ ಕೊನೆಯ ಪದವೇ ಕುಲನಾಮ. ಇಲ್ಲಿ ಶಾಲೆಯ ಪಟ್ಟಿಯಲ್ಲಿ ಅಡ್ಡಹೆಸರು, ಮಗುವಿನ ಹೆಸರು, ತಂದೆಯ ಹೆಸರು ಎಂಬ ಕ್ರಮ. ಅಡ್ಡಹೆಸರೇ ಇಲ್ಲದ ಮೈಸೂರಿನ ಮಗು ಅಲ್ಲಿ ಏನಾಗಬೇಕೆಂಬುದನ್ನು ಗುಮಾಸ್ತರೇ ತೀರ್ಮಾನಿಸುತ್ತಾರೆ.

ಈಗ ತೀರ್ಮಾನ ಮೊದಲೇ ಆಗಬೇಕಾದ ಕಾಲ ಬಂದಿದೆ. 1969ರ ಕಾಯಿದೆಯಂತೆ ಜನನವನ್ನು 21 ದಿನಗಳೊಳಗೆ ತಿಳಿಸಬೇಕು. ಹೆಸರಿಗೆ ಅಷ್ಟು ಅವಸರವಿಲ್ಲ. ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಆದ್ದರಿಂದ ಆಸ್ಪತ್ರೆಯ ಬಾಗಿಲಲ್ಲಿ ನಿಂತು ತೋಚಿದ್ದನ್ನು ಬರೆಸಿಬಿಡಬೇಡಿ ಎಂದು ನನ್ನ ಬಿನ್ನಹ. ಏಕೆಂದರೆ 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರಿಗೆ ಶಾಲೆಗೂ ಪಾಸ್‌ಪೋರ್ಟಿಗೂ ಹುಟ್ಟಿದ ದಿನದ ಪುರಾವೆ ಜನನಪತ್ರವೇ. ಅದರಲ್ಲಿ ಬಿದ್ದ ಸಾಲು ಮಗುವಿನ ಜೊತೆ ಬಹುದೂರ ನಡೆಯುತ್ತದೆ. ಇಲ್ಲಿ ಇನ್ನೊಂದು ನಿಯಮವೂ ಬಂದಿದೆ. 2024ರ ಮೇ 1ರಿಂದ ಹುಟ್ಟಿದ ಮಕ್ಕಳಿಗೆ ಮಹಾರಾಷ್ಟ್ರ ಸರ್ಕಾರದ ಕಾಗದಗಳಲ್ಲಿ ಮಗುವಿನ ಹೆಸರು, ತಾಯಿಯ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮ. ತಂದೆಗಿಂತ ತಾಯಿ ಮುಂದೆ! ಕೆಲವು ಗಂಡಸರು ಹುಬ್ಬು ಗಂಟಿಕ್ಕಿದ್ದನ್ನು ಕಂಡಿದ್ದೇನೆ. ಅವರಿಗೆ ನಾನು ‘ಅಂಬಿಕಾತನಯದತ್ತ’ ಎಂಬ ಹೆಸರನ್ನು ನೆನಪಿಗೆ ತರುತ್ತೇನೆ. ತಾಯಿಯನ್ನು ಮುಂದಿಟ್ಟು ತಾವು ಹಿಂದೆ ನಿಂತವರು ನಮ್ಮಲ್ಲಿ ಆಗಲೇ ಇದ್ದರು.

ನಮ್ಮ ಮನೆಯಲ್ಲಿ ಈ ಪ್ರಶ್ನೆ ಎದ್ದದ್ದು 2024ರ ಜೂನಿನಲ್ಲಿ, ಮಗಳಿಗೆ ಹೆಣ್ಣುಮಗುವಾದಾಗ. ಮಗಳನ್ನು ಕೊಟ್ಟಿರುವುದು ಧಾರವಾಡದ ಕಡೆಗೆ. ಮನೆಯವರ ಹೆಸರನ್ನು ಸಭೆಯಲ್ಲಿ ಆಡಕೂಡದೆಂದು ಆಕೆಯ ಕಟ್ಟಪ್ಪಣೆ. ಆದ್ದರಿಂದ ಮಾತಿಗೆ ಎರಡು ಹೆಸರು ಹೇಳುತ್ತೇನೆ. ಮಗಳು ಅಳಿಯ ಆರಿಸಿದ್ದು ‘ಇಂಚರ’ ಎಂದಿರಲಿ. ಬೀಗಿತ್ತಿಯವರಿಗೆ ಬೇಕಾಗಿದ್ದದ್ದು ತೀರಿಹೋದ ತಮ್ಮ ಅತ್ತೆಯ ಹೆಸರು, ‘ಗಂಗಾ’ ಎಂದಿರಲಿ. ಎರಡೂ ಇರಲಿ ಎಂಬುದಕ್ಕೆ ಯಾರ ತಕರಾರೂ ಇರಲಿಲ್ಲ. ಯಾವುದು ಮುಂದೆ ಎಂಬಲ್ಲಿ ಮನೆ ಎರಡಾಯಿತು.

“ಮೊದಲನೇ ಹೆಸರು ಅತ್ತಿಯವರದ ಆಗಬೇಕ್ರಿ, ಬೀಗರ. ನಡುವ ಇಟ್ಟ ಹೆಸರು ಅಟ್ಟದ ಮ್ಯಾಲಿನ ಪಾತ್ರಿ ಇದ್ದಂಗ. ಯಾರೂ ಇಳಿಸಂಗಿಲ್ಲ, ಯಾರೂ ಬಳಸಂಗಿಲ್ಲ” ಎಂದರು ಬೀಗಿತ್ತಿ. ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಆ ಅತ್ತೆಯೇ ಅವರ ಮೂರು ಬಾಣಂತನ ಮಾಡಿದವರು. ಮನೆಯಲ್ಲಿ ಅಡಚಣೆಯಾದಾಗ ತಮ್ಮ ಬಳೆ ಬಿಚ್ಚಿಕೊಟ್ಟು ಈ ಅಳಿಯನನ್ನು ಓದಿಸಿದವರು. ಅಂಥ ಹೆಸರು ಅಟ್ಟಕ್ಕೆ ಹೋಗಬೇಕೆ?

ಇತ್ತ ಮಗಳು ನನ್ನನ್ನು ಒಳಕ್ಕೆ ಕರೆದು, “ಅಪ್ಪಾ, ನಾಳೆ ಮಗು ಹಟ ಮಾಡಿದರೆ ‘ಏ ಗಂಗೀ, ಬಾಯಿಮುಚ್ಚು’ ಎಂದು ಗದರಬೇಕಾಗುತ್ತದೆ. ಅದನ್ನು ಕೇಳಿ ಅತ್ತೆ ಊಟ ಮಾಡುತ್ತಾರೆಯೇ?” ಎಂದಳು. ಇದೂ ನಿಜವೇ. ಹಿರಿಯರ ಹೆಸರನ್ನು ಸೊಸೆ ಬಾಯಲ್ಲಿ ಆಡಬಾರದೆಂಬ ವಾಡಿಕೆಯಲ್ಲಿ ಬೆಳೆದ ಹೆಂಗಸರು ಈ ಸಭೆಯಲ್ಲಿಯೂ ಇದ್ದಾರೆ. ಅವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮ ಬೀಗಿತ್ತಿಯವರೂ ಹಾಗೆಯೇ. ಕಾಶಿಗೆ ಹೋಗಿ ಬಂದು ಎರಡು ಗಂಟೆ ಯಾತ್ರೆಯ ವರ್ಣನೆ ಮಾಡಿದವರು ಅಲ್ಲಿನ ನದಿಯ ಹೆಸರನ್ನು ಒಮ್ಮೆಯೂ ಎತ್ತಲಿಲ್ಲ. ‘ಅಲ್ಲೀ ಹೊಳಿ’ ಎಂದೇ ಕಥೆ ಮುಗಿಸಿದರು.

ಅದು ನೆನಪಾಗಿ ನಾನು ಮೆಲ್ಲಗೆ ಕೇಳಿದೆ: “ಅಕ್ಕಾವರೇ, ಕೂಸು ಆಡುತ್ತ ಆಡುತ್ತ ಬೀದಿಗೆ ಓಡಿದರೆ ನೀವು ಏನೆಂದು ಕೂಗುತ್ತೀರಿ?”

ಅವರು ಬಹಳ ಹೊತ್ತು ಸುಮ್ಮನಿದ್ದರು. ಕೇಳಬಾರದಿತ್ತೇನೋ ಎಂದು ನನಗೇ ಕಸಿವಿಸಿಯಾಯಿತು. ಕೊನೆಗೆ, “ನನಗ ಬಾಯಾಗ ಬರೂದಿಲ್ರಿ” ಎಂದರು. ಸೆರಗಿನಿಂದ ಕಣ್ಣೊರೆಸಿಕೊಂಡು, “ಕಾಗದದಾಗ ಇಂಚರನ ಮುಂದ ಇರ್ಲಿ. ತೊಟ್ಟಿಲದಾಗ ಅತ್ತಿಯವರ ಹೆಸರು ಮೊದಲ ಹೇಳ್ರಿ” ಎಂದರು.

ಶಾಸ್ತ್ರಕ್ಕೂ ಇದು ಒಪ್ಪುವ ಮಾತೇ. ತಟ್ಟೆಯ ಅಕ್ಕಿಯಲ್ಲಿ ಚಿನ್ನದ ಉಂಗುರದಿಂದ ಬರೆಯುವಾಗ ದೇವತಾನಾಮ, ಮಾಸನಾಮ, ನಕ್ಷತ್ರನಾಮ ಎಲ್ಲ ಬರೆಸಿ, ಜನ ಕರೆಯುವ ವ್ಯಾವಹಾರಿಕ ನಾಮವನ್ನು ಪುರೋಹಿತರು ಕೊನೆಗೆ ಬರೆಸಿದರು. ಅಕ್ಕಿಯಲ್ಲಿ ಕೊನೆಯದು ಸರ್ಕಾರದ ಕಾಗದದಲ್ಲಿ ಮೊದಲನೆಯದಾಗುತ್ತದೆ, ಅಷ್ಟೇ. ಹೆಸರು ಕರೆಯುವುದು ಸೋದರತ್ತೆಯ ಹಕ್ಕು. ಆಕೆ ಬಗ್ಗಿ ಕಿವಿಯಲ್ಲಿ ‘ಕುರ್ರ್’ ಎಂದು ಎರಡೂ ಹೆಸರು ಹೇಳಿದಳು. ಎಲ್ಲರೂ ಗುಗ್ಗರಿಗೆ ಕೈಚಾಚಿದ ಮೇಲೆ ಬೀಗಿತ್ತಿಯವರು ಒಬ್ಬರೇ ತೊಟ್ಟಿಲ ಬಳಿ ಹೋಗಿ ಬಗ್ಗಿ ಏನೋ ಹೇಳಿದರು. ಏನೆಂದು ನಾವಾರೂ ಕೇಳಲಿಲ್ಲ.

ಜನನಪತ್ರದಲ್ಲಿ ಈಗ ಇಂಚರ, ಗಂಗಾ, ತಾಯಿ, ತಂದೆ, ಅಡ್ಡಹೆಸರು ಎಂದು ಐದು ಪದಗಳು ಗೂಡ್ಸ್ ಗಾಡಿಯ ಡಬ್ಬಿಗಳಂತೆ ನಿಂತಿವೆ. ಉದ್ದವಾಯಿತೆಂದು ಅಳಿಯನಿಗೆ ಅಳುಕು. ನನ್ನ ಮಟ್ಟಿಗೆ ಉದ್ದ ದೋಷವಲ್ಲ. ಒಂದೊಂದು ಕಾಗದದಲ್ಲಿ ಒಂದೊಂದು ಸಾಲಾಗುವುದೇ ದೋಷ. ಆದ್ದರಿಂದ ಮನೆಯಲ್ಲಿ ಬಾಯ್ತುಂಬ ಕರೆಯುವ ಹೆಸರನ್ನು ಮುಂದಿಡಿ, ಅಕ್ಷರಗಳನ್ನು ಮೊದಲೇ ಬಿಡಿಸಿ ಬರೆಯಿಸಿ. ಅಡ್ಡಹೆಸರಿಲ್ಲದ ಮೈಸೂರಿನವರು ಊರನ್ನಾಗಲಿ ತಂದೆಯ ಹೆಸರನ್ನಾಗಲಿ ಆ ಜಾಗಕ್ಕೆ ಆರಿಸಿ, ಎಲ್ಲ ಮಕ್ಕಳಿಗೂ ಅದನ್ನೇ ಇಡಿ. ಅಣ್ಣನಿಗೆ ಊರು, ತಮ್ಮನಿಗೆ ತಂದೆ ಅಡ್ಡಹೆಸರಾಗಿ, ಒಂದೇ ತಾಯಿಯ ಮಕ್ಕಳು ಕಾಗದದಲ್ಲಿ ಪರಕೀಯರಾದ ಮನೆಯನ್ನು ನಾನು ಬಲ್ಲೆ. ಆ ಜಾಗ ಖಾಲಿಯಿರಲಿ ಎನ್ನುವಂತೆಯೂ ಇಲ್ಲ: 2022ರ ನವೆಂಬರಿನಲ್ಲಿ ಅರಬ್ ಸಂಯುಕ್ತ ಸಂಸ್ಥಾನದವರು ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿದ್ದವರಿಗೆ ಸಂದರ್ಶಕ ವೀಸಾ ಇಲ್ಲವೆಂದಾಗ ಎಷ್ಟೋ ಮಂದಿ ಕೈಕೈ ಹಿಸುಕಿಕೊಂಡರು.

ಇಷ್ಟರ ನಡುವೆ ನಮ್ಮ ಹಾಸನಕ್ಕೆ ಮೊಮ್ಮಗಳ ಹೆಸರಿನಲ್ಲಿ ಎಲ್ಲಿಯೂ ಎಡೆ ಸಿಗಲಿಲ್ಲ. ಸ್ವಲ್ಪ ಬೇಸರವಾದದ್ದು ನಿಜ. ಆದರೆ ಆ ಹಳೆಯ ಸಹೋದ್ಯೋಗಿ ಈ ವರ್ಷದ ಈದಿಗೂ ದೂರವಾಣಿ ಮಾಡಿ, ‘ಹಸನ್ ಭಾಯ್, ಮೊಮ್ಮಗಳನ್ನು ಕರೆದುಕೊಂಡು ಬನ್ನಿ’ ಎಂದರು. ಹೋಗಿದ್ದೆವು. ಮಗು ಇಡೀ ಬಟ್ಟಲು ಖಾಲಿ ಮಾಡಿತು.