ಮಕ್ಕಳ ಕೈಯ ಕಾಗದದ ಹೂ
(ಹತ್ತಿ ಹೂ ಬಿಡುವ ಕಾಲದಲ್ಲಿ ಶಾಲೆಯ ಅಂಗಳದಲ್ಲಿ ಮಾಡಿದ ಭಾಷಣ)



ಗೊಬ್ಬರ, ಬೀಜದ ಮಾತು ಬಿಟ್ಟು ಇವನೇಕೆ ಕಾಗದದ ಹೂವಿನ ಮಾತೆತ್ತಿದ ಎಂದು ನೀವು ನಗಬಹುದು. ನಗಿರಿ, ಆದರೆ ಕೊನೆಯವರೆಗೆ ಕೇಳಿ. ಇದು ನಿಮ್ಮ ಹತ್ತಿ ಹೊಲದ ಮಾತೂ ಹೌದು.

ಸೆಪ್ಟೆಂಬರ್ 5 ಬರುತ್ತಿದೆ. 1962ರಿಂದ ಆ ದಿನವನ್ನು ಶಿಕ್ಷಕರ ದಿನವೆಂದು ಆಚರಿಸುತ್ತಿದ್ದೇವೆ. ಮೇಷ್ಟ್ರಿಗೆ ಏನಾದರೂ ಕೊಡಬೇಕೆಂದು ಮಕ್ಕಳಿಗೆ ಆಸೆ. ಪೇಟೆಗೆ ಹೋದವರು ಪ್ಲಾಸ್ಟಿಕ್ ಹೂವಿನ ಗೊಂಚಲು ತರುತ್ತಾರೆ. ಅದು ಒಂದು ವರ್ಷ ಗೋಡೆಯ ಮೇಲೆ ಧೂಳು ಕುಡಿದು, ಆಮೇಲೆ ತಿಪ್ಪೆ ಸೇರಿ, ತಿಪ್ಪೆಯಿಂದ ಗೊಬ್ಬರದ ಜೊತೆ ನಿಮ್ಮ ಹೊಲಕ್ಕೇ ಬರುತ್ತದೆ. ಅಲಂಕಾರದ ಥರ್ಮೋಕೋಲನ್ನು 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧಿಸಲಾಗಿದೆ. ಪ್ಲಾಸ್ಟಿಕ್ ಹೂ ಆ ಪಟ್ಟಿಯಲ್ಲಿಲ್ಲ. ಅದನ್ನು ಬೇಡವೆನ್ನಬೇಕಾದವರು ನಾವೇ.

ಹಿರಿಯೂರು ಕಡೆ ಸೇವಂತಿಗೆ ಬೆಳೆಯುವವರು, "ಕಾಗದದ ಹೂ ಬಂದರೆ ನಮ್ಮ ಗತಿ ಏನು?" ಎಂದು ಕೇಳಬಹುದು. ದೇವರಿಗೂ ಹೆಣ್ಣುಮಕ್ಕಳ ತಲೆಗೂ ಯಾರೂ ಕಾಗದ ಏರಿಸುವುದಿಲ್ಲ. ಪ್ಲಾಸ್ಟಿಕ್ ಹೂವಿದ್ದ ಜಾಗಕ್ಕಷ್ಟೇ ಕಾಗದದ್ದು ಬರಲಿ. ಕೈಯಿಂದ ಹೂ ಮಾಡುವುದು ನಮಗೆ ಹೊಸದೂ ಅಲ್ಲ. ಮದುವೆಯಲ್ಲಿ ಹಣೆಗೆ ಕಟ್ಟುವ ಬಾಸಿಂಗಕ್ಕೆ ಜೌಗಿನಲ್ಲಿ ಬೆಳೆಯುವ ಗಿಡದ ಬೆಂಡನ್ನು ಹಗುರಾಗಿ ಕೊಯ್ದು ಹೂ ಮಾಡುತ್ತಿದ್ದವರು ನಮ್ಮವರೇ.

ಯಾವ ಹೂ ಮಾಡಬೇಕು? ಗುಲಾಬಿಯನ್ನೇ ಎಲ್ಲರೂ ಮಾಡುತ್ತಾರೆ. ನಾನು ಹೇಳುವುದು, ನಿಮ್ಮ ಹೊಲದ ಹೂವನ್ನೇ ಮಾಡಿಸಿ.

ಹತ್ತಿಯ ಹೂವಿನಿಂದ ತೊಡಗೋಣ. ಮೊದಲು ಬೆಳಿಗ್ಗೆ ಮಕ್ಕಳನ್ನು ಹೊಲಕ್ಕೆ ಕರೆದೊಯ್ದು ಒಂದು ಹೂ ಕಿತ್ತು ಕೈಗೆ ಕೊಡಿ. ಒಂದು ಹೂವಿನಿಂದ ಬೆಳೆ ಹೋಗುವುದಿಲ್ಲ. ಅದರಲ್ಲಿ ಐದು ದಳ, ಒಂದರ ಅಂಚು ಮುಂದಿನದರ ಮೇಲೆ. ಬುಡದಲ್ಲಿ ಗರಗಸದಂತೆ ಅಂಚುಳ್ಳ ಮೂರು ಹಸಿರು ಎಲೆ. ನಡುವೆ ಕಂಬದಂತೆ ನಿಂತ ಕೇಸರ. ಹೋದ ವರ್ಷ ಕೃಷಿ ಓದಿದ ನಾನೇ, ನೆನಪಿನಿಂದ ಕತ್ತರಿಸುತ್ತೇನೆಂದು ಹೊರಟು ಆರು ದಳ ಅಂಟಿಸಿಬಿಟ್ಟೆ. ಮೂರನೆಯ ತರಗತಿಯ ಹುಡುಗನೊಬ್ಬ ಓಡಿಹೋಗಿ ಹೂ ಕಿತ್ತುತಂದು ನನ್ನ ಮುಂದೆ ಹಿಡಿದ. ಅಂದಿನಿಂದ ಹೂ ಎದುರಿಗಿಲ್ಲದೆ ಕತ್ತರಿ ಹಿಡಿಯುವುದಿಲ್ಲ.

ತೆಳು ಬಿಳಿ ಕಾಗದ ಸಾಕು, ಗಾಳಿಪಟದ ಕಾಗದವಾದರೆ ಇನ್ನೂ ಒಳ್ಳೆಯದು. ಅರಿಶಿನದ ನೀರನ್ನು ತೆಳುವಾಗಿ ಬಳಿದು ನೆರಳಲ್ಲಿ ಒಣಗಿಸಿ. ಹತ್ತಿ ಹೂ ಅರಳಿದ ದಿನ ಬೆಣ್ಣೆಯ ಬಣ್ಣ, ಕೆಲವು ತಳಿಗಳಲ್ಲಿ ಹಳದಿ. ಮರುದಿನ ಕೆಂಪಿಗೆ ತಿರುಗಿ ಬಾಡುತ್ತದೆ. ಮರುದಿನದ ಹೂ ಬೇಕಾದರೆ ಅರಿಶಿನದ ಕಾಗದಕ್ಕೆ ಅಡುಗೆ ಸೋಡಾ ಕದಡಿದ ನೀರನ್ನು ಸವರಿ, ಕೆಂಗಂದು ಬಣ್ಣ ಬರುತ್ತದೆ. ಅರಿಶಿನಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡುವ ತಾಯಂದಿರಿಗೆ ಈ ಗುಟ್ಟು ಗೊತ್ತೇ ಇದೆ. ಸುಣ್ಣ ಕಣ್ಣಿಗೆ ಕೆಟ್ಟದ್ದು, ಮಕ್ಕಳ ಕೈಗೆ ಸೋಡಾವೇ ಇರಲಿ. ಅಂಟಿಗೆ ಮೈದಾ ಹಿಟ್ಟಿನ ಗಂಜಿ ಕಾಸಿ. ಹುಳು ಬೀಳದಿರಲೆಂದು ಕೆಲವರು ಗಂಜಿಗೆ ಮೈಲುತುತ್ತ ಹಾಕುತ್ತಾರೆ. ಅದು ವಿಷ, ಖಂಡಿತ ಬೇಡ.

ಪೊರಕೆ ಕಡ್ಡಿಯ ತುದಿಗೆ ನೂಲು ಸುತ್ತಿ, ಗಂಜಿ ಸವರಿ, ಅರಿಶಿನ ಬೆರೆಸಿದ ರವೆಯಲ್ಲಿ ಹೊರಳಿಸಿದರೆ ಕೇಸರದ ಕಂಬ ಆಯಿತು. ಅದರ ಸುತ್ತ ಐದು ದಳಗಳನ್ನು ಒಂದೊಂದಾಗಿ ಇಟ್ಟು ಬುಡದಲ್ಲಿ ದಾರ ಬಿಗಿಯಿರಿ. ಮೂರು ಹಸಿರೆಲೆ ಅಂಟಿಸಿದರೆ ದಾರ ಮರೆಯಾಗುತ್ತದೆ. ಬಿಸಿಲಿಗಿಟ್ಟರೆ ಅರಿಶಿನ ಮಾಸುತ್ತದೆ ಎಂದು ಮೇಷ್ಟ್ರಿಗೂ ಹೇಳಿ ಕೊಡಿ.

ಈಗ ಹೊಲದ ಮಾತು. ಹೂ ಮಾಡಿದ ಮೇಲೆ ಒಬ್ಬ ಹುಡುಗಿ ತಂದೆಯ ಜೊತೆ ಹೊಲಕ್ಕೆ ಹೋದಳು. "ಅಪ್ಪಾ, ಈ ಹೂ ಅರಳೇ ಇಲ್ಲ, ಯಾರೋ ದಾರ ಸುತ್ತಿದಂಗೈತೆ" ಎಂದಳು. ತಂದೆ ಬಿಡಿಸಿ ನೋಡಿದರು. ದಳಗಳು ಬಲೆಯಿಂದ ಒಂದಕ್ಕೊಂದು ಹೆಣೆದುಕೊಂಡಿದ್ದವು, ಒಳಗೆ ಸಣ್ಣ ಹುಳು. ಅದು ಗುಲಾಬಿ ಕಾಯಿಕೊರಕ. ಆ ಹೊಲದಲ್ಲಿ ಇಪ್ಪತ್ತು ವರ್ಷ ಹತ್ತಿ ಬೆಳೆದವರು ಅವರು. ಇಂಥ ಹೂವನ್ನು ಎಷ್ಟೋ ಸಲ ಕಂಡಿದ್ದರೂ ಮೊಗ್ಗೆಂದು ಬಿಟ್ಟಿದ್ದರು. ಅಂದು ಅಪ್ಪ ಮಗಳು ಸಾಲು ಸಾಲು ತಿರುಗಿ ಅಂಥ ಹೂಗಳನ್ನೆಲ್ಲ ಕಿತ್ತು ಸುಟ್ಟರು. ಮರುದಿನ ನನ್ನನ್ನು ಕರೆಸಿದರು. ಮೋಹಕ ಬಲೆ ಕಟ್ಟಿದೆವು. ಹುಳು ಕಾಯಿಗೆ ಇಳಿದ ಮೇಲೆ ಔಷಧ ಹೊಡೆದೂ ಹೆಚ್ಚು ಫಲವಿಲ್ಲ. ಬಿಟಿ ಬೀಜ ಬಿತ್ತಿದ್ದೇವೆಂದು ನಿಶ್ಚಿಂತೆಯಿಂದಲೂ ಇರಬೇಡಿ, ಈ ಹುಳು ಅದನ್ನು ತಡೆದುಕೊಳ್ಳುವುದನ್ನು ಕಲಿತುಬಿಟ್ಟಿದೆ.

ಹೊಸದುರ್ಗದ ಕಡೆಯವರು ದಾಳಿಂಬೆ ಹೂ ಮಾಡಿಸಿ. ಅದಕ್ಕೆ ಹಳೆಯ ಕೆಂಪು ಲಗ್ನಪತ್ರಿಕೆಯ ದಪ್ಪ ಕಾಗದವೇ ಸರಿ. ಎರಡು ಬಗೆಯಲ್ಲೂ ಮಾಡಿಸಬೇಕು. ಬುಡ ಸಣ್ಣಗಿದ್ದು ಗಂಟೆಯಂತಿರುವುದು ಕಾಯಿ ಕಟ್ಟದ ಹೂ, ಉದುರುತ್ತದೆ. ಬುಡ ತುಂಬಿ ಕೊಡದಂತಿರುವುದು ಕಾಯಿಯಾಗುವ ಹೂ. ಇದು ತಿಳಿದರೆ ಹೂ ಉದುರಿತೆಂದು ಗಾಬರಿಯಾಗಿ ಅಂಗಡಿಗೆ ಓಡುವ ಮೊದಲು, ನೆಲದ ಮೇಲೆ ಬಿದ್ದದ್ದು ಯಾವುದೆಂದು ಬಗ್ಗಿ ನೋಡುತ್ತೀರಿ. ಕೊಡದಂಥವೇ ಹೆಚ್ಚು ಬಿದ್ದಿದ್ದರೆ ಆಗ ವಿಚಾರಿಸಬೇಕು. ಹೊಳಲ್ಕೆರೆಯ ಅಡಿಕೆ ಹಿಂಗಾರವನ್ನು ಕಾಗದದಲ್ಲಿ ಮಾಡುವುದು ನನ್ನಿಂದಾಗಲಿಲ್ಲ, ಯಾರಾದರೂ ಮಾಡಿದರೆ ನನಗೂ ತೋರಿಸಿ.

ಇದು ಮಕ್ಕಳಾಟವೆನ್ನುವವರಿಗೆ ಒಂದು ಸಂಗತಿ. ಜರ್ಮನಿಯಲ್ಲಿ ಬ್ಲಾಷ್ಕಾ ಎಂಬ ಮನೆತನದ ತಂದೆ ಮಗ ಇದ್ದರು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದವರು ವಿದ್ಯಾರ್ಥಿಗಳಿಗೆ ಸಸ್ಯಶಾಸ್ತ್ರ ಕಲಿಸಲು ಅವರಿಂದ ಗಾಜಿನಲ್ಲಿ ಹೂಗಳನ್ನು ಮಾಡಿಸಿದರು. ಕೆಲಸ 1887ರಿಂದ 1936ರವರೆಗೆ ನಡೆಯಿತು. ತಂದೆ 1895ರಲ್ಲಿ ತೀರಿಕೊಂಡರೂ ಮಗ ಬಿಡಲಿಲ್ಲ. ಇಂದಿಗೂ ಜನ ಅವನ್ನು ಹೋಗಿ ನೋಡುತ್ತಾರೆ. ನಮಗೆ ಗಾಜು ಬೇಡ, ಹಳೆಯ ನೋಟ್‌ಬುಕ್ಕಿನ ಹಾಳೆ ಸಾಕು.

ಬರುವ ಭಾನುವಾರ ಬೆಳಿಗ್ಗೆ ಎಂಟಕ್ಕೆ ಇದೇ ಅಂಗಳದಲ್ಲಿ ಸೇರೋಣ. ಮೊದಲು ಹೊಲಕ್ಕೆ, ಆಮೇಲೆ ಕೆಲಸಕ್ಕೆ. ಕತ್ತರಿ, ಬಣ್ಣದ ಕಾಗದ ನಾನು ತರುತ್ತೇನೆ. ನೀವು ಪೊರಕೆ ಕಡ್ಡಿ, ಒಂದು ಹಿಡಿ ಮೈದಾ, ಅರಿಶಿನ ತನ್ನಿ. ತಂದೆಯರು ಮಕ್ಕಳನ್ನು ಬಿಟ್ಟು ಹೋಗದೆ ಜೊತೆಗೆ ಕೂರಬೇಕು. ಅರಳದ ಹೂ ಕಂಡರೆ ಕಿತ್ತು ಹಾಕಲು ಒಂದು ಡಬ್ಬಿಯೂ ಕೈಯಲ್ಲಿರಲಿ.