ಸುದ್ದಿಯ ಹರಿವು ಮತ್ತು ನಮ್ಮ ಹೊಣೆ



2018ರ ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ, ಹೈದರಾಬಾದಿನಿಂದ ಬಂದಿದ್ದ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟ್ ಹಂಚಿದರು. ಇವರು ಮಕ್ಕಳ ಕಳ್ಳರೆಂಬ ವದಂತಿ ವಾಟ್ಸಾಪಿನಲ್ಲಿ ಹರಡಿತು. ಅವರ ಕಾರಿಗಿಂತ ಮೊದಲೇ ಆ ಸುಳ್ಳು ಮುರ್ಕಿ ಗ್ರಾಮವನ್ನು ತಲುಪಿತ್ತು. ಅಲ್ಲಿ ಜನರು ರಸ್ತೆಗೆ ಅಡ್ಡ ನಿಂತಿದ್ದರು. ಸಾಫ್ಟ್‌ವೇರ್ ಇಂಜಿನಿಯರನಾಗಿದ್ದ ಒಬ್ಬ ಯುವಕ ಗುಂಪಿನ ಹೊಡೆತಕ್ಕೆ ಪ್ರಾಣ ಕಳೆದುಕೊಂಡ.

ಸುಳ್ಳು ಹೀಗೆ ಹರಡುವುದೇಕೆ? ಇದಕ್ಕೆ ಭೌತವಿಜ್ಞಾನದಲ್ಲಿ ಒಂದು ಉತ್ತರವಿದೆ. 19ನೇ ಶತಮಾನದಲ್ಲಿ ಮ್ಯಾಕ್ಸ್‌ವೆಲ್, ಬೋಲ್ಟ್ಸ್‌ಮನ್ ಮುಂತಾದವರು ಅನಿಲದ ಒಂದೊಂದು ಅಣುವಿನ ಬೆನ್ನು ಹತ್ತದೆ, ಅಸಂಖ್ಯ ಅಣುಗಳ ಒಟ್ಟು ವರ್ತನೆಯನ್ನು ಸರಾಸರಿಯಿಂದ ತಿಳಿಯುವ ಶಾಸ್ತ್ರವನ್ನು ಕಟ್ಟಿದರು. ಇಂದು ಅದೇ ಶಾಸ್ತ್ರವನ್ನು ಮನುಷ್ಯರ ಸಂಪರ್ಕ ಜಾಲಗಳಿಗೂ ಅನ್ವಯಿಸುತ್ತಾರೆ. ಅದರ ಮುಖ್ಯ ಪಾಠವೆಂದರೆ 'ಹೊಸ್ತಿಲು'.

ನಮ್ಮ ವಾಣಿವಿಲಾಸ ಸಾಗರವನ್ನೇ ನೋಡಿ. 130 ಅಡಿಯವರೆಗೆ ಒಂದು ಹನಿಯೂ ಕೋಡಿ ದಾಟದು. ಅದನ್ನು ಮೀರಿದರೆ ನೀರು ಧುಮ್ಮಿಕ್ಕುತ್ತದೆ. 1933ರ ನಂತರ ಅದು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಸುದ್ದಿಗೂ ಇಂಥ ಮಟ್ಟವಿದೆ. ನೂರು ಜನರಿಗೆ ಒಂದು ವದಂತಿ ತಿಳಿಯಿತೆನ್ನಿ. ಪ್ರತಿ ಹತ್ತು ಮಂದಿ ಸೇರಿ ಒಂಬತ್ತು ಹೊಸಬರಿಗೆ ಮಾತ್ರ ದಾಟಿಸಿದರೆ, ಇಪ್ಪತ್ತನೇ ಸುತ್ತಿನಲ್ಲಿ ಅದು ತಲುಪುವುದು ಸುಮಾರು 12 ಜನರನ್ನು. ಹನ್ನೊಂದು ಮಂದಿಗೆ ದಾಟಿಸಿದರೆ ಅದೇ ಸುತ್ತಿನಲ್ಲಿ ಸುಮಾರು 670 ಜನರನ್ನು! ಹತ್ತು ಮಂದಿಯಲ್ಲಿ ಇಬ್ಬರು ಸುಮ್ಮನಿದ್ದರೂ ಸಾಕು, ಸುಳ್ಳು ತಾನಾಗಿ ಸಾಯುತ್ತದೆ. 'ನಾನೊಬ್ಬ ಕಳಿಸಿದರೇನು?' ಎಂಬ ಮಾತಿಗೆ ಗಣಿತದ ಉತ್ತರ ಇದು.

ಇನ್ನೊಂದು ವಿಷಯ. ಜಾಲದಲ್ಲಿ ಎಲ್ಲರೂ ಸಮಾನರಲ್ಲ. ಬೆಂಗಳೂರು–ಪುಣೆ ಹೆದ್ದಾರಿಗೆ ಬಳ್ಳಾರಿಯ ರಸ್ತೆ ಕೂಡುವ ಹಿರಿಯೂರಿನಂತೆ, ಕೆಲವರ ಬಳಿ ಅನೇಕ ದಾರಿಗಳು ಸೇರುತ್ತವೆ. ಇಂಥ ಕೂಡುದಾಣಗಳಿರುವ ಜಾಲದಲ್ಲಿ ಹರಡುವಿಕೆಯ ಹೊಸ್ತಿಲು ಬಹಳ ಕೆಳಗಿಳಿಯುತ್ತದೆ ಎಂದು ಪಾಸ್ಟರ್-ಸಟೋರಸ್ ಮತ್ತು ವೆಸ್ಪಿನ್ಯಾನಿ 2001ರಲ್ಲಿ ತೋರಿಸಿದರು. ನೂರಾರು ಸದಸ್ಯರ ಗುಂಪು ನಡೆಸುವವರೂ ಸಭೆಗಳಲ್ಲಿ ಮಾತನಾಡುವ ನಮ್ಮಂಥವರೂ ಇಂಥ ಕೂಡುದಾಣಗಳೇ. ಆದ್ದರಿಂದ ನಮ್ಮ ಹೊಣೆ ಹೆಚ್ಚು.

ವಾಟ್ಸಾಪ್ ಸಂಸ್ಥೆ 2018ರ ಜುಲೈಯಲ್ಲಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ರವಾನಿಸುವ ಮಿತಿ ತಂದಿತು. 2020ರಲ್ಲಿ, ಹಲವು ಕೈ ದಾಟಿದ ಸಂದೇಶಗಳನ್ನು ಒಮ್ಮೆಗೆ ಒಂದೇ ಕಡೆಗೆ ಎಂದು ಬಿಗಿಗೊಳಿಸಿತು. ಆಗ ಅಂಥ ರವಾನೆ ಶೇಕಡಾ 70ರಷ್ಟು ಇಳಿಯಿತೆಂದು ಸಂಸ್ಥೆಯೇ ತಿಳಿಸಿತು. ಆದರೆ ಯಂತ್ರ ಎಣಿಸಬಲ್ಲದು, ಸತ್ಯವನ್ನು ಪರೀಕ್ಷಿಸಲಾರದು.

ಪರೀಕ್ಷಿಸುವ ವಿದ್ಯೆ ನಮಗೆ ಹೊಸದೇನಲ್ಲ. ಸುದ್ದಿ ಬಂದಾಗ ವಿಚಾರಿಸಿ ನೋಡಬೇಕೆಂದು ಪವಿತ್ರ ಕುರ್‌ಆನಿನ ಅಲ್-ಹುಜುರಾತ್ ಅಧ್ಯಾಯ ಕಲಿಸುತ್ತದೆ. ಇಮಾಮ್ ಬುಖಾರಿಯಂಥ ಹದೀಸ್ ವಿದ್ವಾಂಸರು ಯಾರಿಂದ ಯಾರು ಕೇಳಿದರೆಂಬ ಸರಪಳಿಯ ಒಂದೊಂದು ಕೊಂಡಿಯನ್ನೂ ಪರಿಶೀಲಿಸಿದರು. ವಿದ್ಯಾರ್ಥಿಗಳೇ, ಮೊಬೈಲಿಗೆ ಬರುವ ಪ್ರತಿ ಸಂದೇಶಕ್ಕೂ ಅದೇ ಪ್ರಶ್ನೆ ಕೇಳಿ: ಇದನ್ನು ಯಾರು ಕಂಡರು, ಯಾರಿಗೆ ಹೇಳಿದರು? ಉತ್ತರವಿಲ್ಲದಿದ್ದರೆ ಅದು ನಿಮ್ಮಲ್ಲೇ ನಿಲ್ಲಲಿ.

ಸತ್ಯವನ್ನು ಅರಿಯುವ ವಿವೇಕವನ್ನು ಅಲ್ಲಾಹನು ನಮ್ಮೆಲ್ಲರಿಗೂ ಕರುಣಿಸಲಿ, ಆಮೀನ್. ವಸ್ಸಲಾಮ್.