ಬ್ಯಾಟರಿಗೆ ಹಾಕೋದನ್ನ ನುಂಗೋದಾ?

ಮೊಳಕಾಲ್ಮುರು ಕಡೆಯಿಂದ ಒಬ್ಬರು ಫೋನ್ ಮಾಡಿದ್ರು. ರೇಷ್ಮೆ ಸೀರೆ ನೇಯುವವರು. "ಸಾರ್, ನನ್ನ ತಮ್ಮಂಗೆ ಮನಸ್ಸಿನ ಕಾಯಿಲೆಗೆ ಅಂತ ಡಾಕ್ಟ್ರು ಲಿಥಿಯಂ ಮಾತ್ರೆ ಕೊಟ್ಟವ್ರೆ. ಅದು ಬ್ಯಾಟರಿಗೆ ಹಾಕೋದು ಅಂತ ನೀವೇ ಟಿವೀಲಿ ಹೇಳಿದ್ರಿ. ಮನುಷ್ಯ ನುಂಗೋದಾ ಅದನ್ನ?" ತಮ್ಮ ಮಾತ್ರೆ ಬಿಟ್ಟು ಆಗಲೇ ಎಂಟು ದಿನ ಆಗಿತ್ತು.

ಅವರನ್ನ ಬೈಯೋದು ಹೇಗೆ? 2021ರಲ್ಲಿ ಮಂಡ್ಯದ ಮರ್ಲಗಲ್ಲದಲ್ಲಿ 1,600 ಟನ್ ಲಿಥಿಯಂ ಇದೆ ಅಂದಾಗ ನಾವೆಲ್ಲ ಬ್ಯಾಟರಿ, ಕಾರು ಅಂತ ಕೂಗಿದ್ದೇ ಕೂಗಿದ್ದು. ಅದೇ ಲಿಥಿಯಂನ ಲವಣ ಉನ್ಮಾದವನ್ನು ಶಾಂತಗೊಳಿಸುತ್ತೆ ಅಂತ ಆಸ್ಟ್ರೇಲಿಯಾದ ಜಾನ್ ಕೇಡ್ 1949ರಲ್ಲೇ ಬರೆದಿದ್ದರು. ಒಮ್ಮೆ ಅತಿ ಉತ್ಸಾಹ, ಒಮ್ಮೆ ಪಾತಾಳ, ಇಂಥ ಬೈಪೋಲಾರ್ ಕಾಯಿಲೆಗೆ ಇವತ್ತಿಗೂ ಇದು ಮುಖ್ಯ ಔಷಧಿ. ಬೇರೆ ಮಾತ್ರೆಗೆ ಬಗ್ಗದ ಖಿನ್ನತೆಗೂ ಅದರ ಜೊತೆ ಸೇರಿಸಿ ಕೊಡ್ತಾರೆ. ಆತ್ಮಹತ್ಯೆಯ ಅಪಾಯ ತಗ್ಗಿಸುತ್ತೆ ಅಂತ ಹೆಸರಾದ ಔಷಧಿ ಇದು.

ಒಳಗೆ ಏನು ಮಾಡುತ್ತೆ? ಇದನ್ನು ಪಕ್ಕದ ಚಳ್ಳಕೆರೆಯವರಿಗೆ ಹೇಳೋದು ಸುಲಭ. ಎಣ್ಣೆ ಮಿಲ್ಲುಗಳ ಊರು. ಶೇಂಗಾ ಎಣ್ಣೆ ಡಬ್ಬಿಯ ಮುಚ್ಚಳ ತೆಗೆದಿಟ್ಟರೆ ಕೆಲವು ದಿನಕ್ಕೆ ಕಮಟು ವಾಸನೆ ಬರುತ್ತೆ, ಅಲ್ವಾ? ಗಾಳಿಯ ಆಮ್ಲಜನಕ ಕೊಬ್ಬನ್ನು ಕೆಡಿಸಿರುತ್ತೆ. ನಮ್ಮ ಮಿದುಳೂ ಕೊಬ್ಬು ಹೆಚ್ಚಿರುವ ಅಂಗ. ದೇಹದ ತೂಕದಲ್ಲಿ ಬರೀ 2 ಪರ್ಸೆಂಟ್, ಆದರೆ ಉಸಿರಾಡಿದ ಆಮ್ಲಜನಕದಲ್ಲಿ ಸುಮಾರು 20 ಪರ್ಸೆಂಟ್ ಅದಕ್ಕೇ ಬೇಕು. ಆ ಆಮ್ಲಜನಕದಿಂದ ಹುಟ್ಟುವ ಪುಂಡ ಕಣಗಳನ್ನು ಗ್ಲುಟಾಥಯೋನ್‌ನಂಥ ಕಾವಲುಗಾರರು ತಡೀತಾರೆ. ಕಾವಲು ಸೋತರೆ ಅದೇ ಆಕ್ಸಿಡೇಟಿವ್ ಸ್ಟ್ರೆಸ್. ಖಿನ್ನತೆ, ಬೈಪೋಲಾರ್ ಇರುವವರ ರಕ್ತದಲ್ಲಿ ಮ್ಯಾಲೊಂಡಿಯಾಲ್ಡಿಹೈಡ್ ಅನ್ನೋದು ಹೆಚ್ಚಿರೋದನ್ನ ಹಲವು ಅಧ್ಯಯನಗಳು ಕಂಡಿವೆ. ತಮಾಷೆ ನೋಡಿ, ಪ್ರಯೋಗಾಲಯದಲ್ಲಿ ಎಣ್ಣೆ ಕಮಟಾಗಿದೆಯಾ ಅಂತ ನೋಡೋಕೂ ಇದನ್ನೇ ಅಳೀತಾರೆ! ಲಿಥಿಯಂ ಜೀವಕೋಶದಲ್ಲಿ ಜಿಎಸ್‌ಕೆ-3 ಅನ್ನೋ ಕಿಣ್ವವನ್ನು ಹಿಡಿದು ನಿಲ್ಲಿಸುತ್ತೆ, ಕಾವಲುಗಾರರ ಬಲ ಹೆಚ್ಚಿಸುತ್ತೆ ಅಂತ ಪ್ರಯೋಗಗಳು ತೋರಿಸಿವೆ.

ಆದರೆ ಕಾಯಿಲೆ ಹತೋಟಿಗೆ ಬರೋದು ಇದೊಂದರಿಂದಲೇ ಅಂತ ಸಾಬೀತಾಗಿಲ್ಲ. ಅದಕ್ಕೇ ಹೇಳ್ತೀನಿ, ನಮ್ಮಂಥ ಚಾನೆಲ್‌ಗಳ ಬ್ರೇಕ್‌ನಲ್ಲಿ ಬರುತ್ತಲ್ಲ ಆಂಟಿಆಕ್ಸಿಡೆಂಟ್ ಪುಡಿ, ಅದು ಈ ಮಾತ್ರೆಗೆ ಬದಲಿ ಅಲ್ಲ. ಜಾಹೀರಾತು ವಿಭಾಗದವರು ಕೋಪ ಮಾಡ್ಕೊಳ್ಳಲಿ.

ಹಾಗಂತ ಲಿಥಿಯಂ ಸಾಧು ಔಷಧಿಯೂ ಅಲ್ಲ. ರಕ್ತದಲ್ಲಿ ಸಾಮಾನ್ಯವಾಗಿ 0.6ರಿಂದ 1.0ರ ಒಳಗಿರಬೇಕು, 1.5 ದಾಟಿದರೆ ವಿಷ. ಉಪ್ಪಿನ ಸೋಡಿಯಂಗೂ ಇದಕ್ಕೂ ನಮ್ಮ ಕಿಡ್ನಿಗೆ ಅಷ್ಟೇನೂ ವ್ಯತ್ಯಾಸ ಗೊತ್ತಾಗಲ್ಲ. ಚಳ್ಳಕೆರೆ ಬಿಸಿಲಲ್ಲಿ ಬೆವರು ಸುರಿದು ಮೈಯಲ್ಲಿ ನೀರು, ಉಪ್ಪು ಕಮ್ಮಿಯಾದರೆ ಕಿಡ್ನಿ ಉಪ್ಪನ್ನು ಹಿಡಿದಿಟ್ಟುಕೊಳ್ಳುತ್ತೆ, ಜೊತೆಗೆ ಲಿಥಿಯಂ ಕೂಡ. ವಾಂತಿ-ಭೇದಿ ಆದರೂ ಇದೇ ಕಥೆ. ಮಗ್ಗದಲ್ಲಿ ಕೂತು ಬೆನ್ನು ನೋವು ಅಂತ ಮೆಡಿಕಲ್ ಶಾಪ್‌ನಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗಿದರೂ ಲಿಥಿಯಂ ಮಟ್ಟ ಏರಬಹುದು. ಕೈ ಜೋರಾಗಿ ನಡುಗಿದರೆ, ಕಾಲು ತಡವರಿಸಿದರೆ, ಮಾತು ತೊದಲಿದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಥೈರಾಯ್ಡ್, ಕಿಡ್ನಿ ಪರೀಕ್ಷೆಯೂ ಆಗಾಗ ಆಗಬೇಕು.

ಫೋನ್ ಮಾಡಿದವರಿಗೆ ಎರಡು ಮಾತು ಹೇಳಿದೆ. ಡಾಕ್ಟರನ್ನು ಕೇಳದೆ ಥಟ್ಟನೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸುತ್ತೆ. ಎಂಟು ದಿನ ಬಿಟ್ಟ ಮೇಲೆ ಶುರು ಮಾಡೋದನ್ನೂ ಅವರೇ ಹೇಳಬೇಕು, ಇವತ್ತೇ ಹೋಗಿ. ರಾತ್ರಿ ಬಾಯಿಗೆ ಬಂದಂಗೆ ಮಾತಾಡ್ತಿದ್ದರೆ, ಸಾಯ್ತೀನಿ ಅಂದರೆ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡ್ತಾರೆ.

"ಬಳ್ಳಾರಿ ನಮಗೆ ಹತ್ರ ಸಾರ್, ಅಲ್ಲಿಗೇ ಕರ್ಕೊಂಡು ಹೋಗ್ತೀನಿ" ಅಂದ್ರು. ಒಳ್ಳೇದು. ನಿಮ್ಹಾನ್ಸ್‌ನವರು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು 1980ರ ದಶಕದಲ್ಲಿ ಮೊದಲು ಕಟ್ಟಿದ್ದೇ ಬಳ್ಳಾರಿ ಜಿಲ್ಲೆಯಲ್ಲಿ. ಕೊನೆಗೆ ಕೇಳಿದ್ರು, "ರಕ್ತ ಕೊಡೋದು ಮಾತ್ರೆ ನುಂಗಿದ ಮೇಲೋ, ಮುಂಚೆನೋ?" ಮತ್ತೆ ಶುರುವಾದ ಮೇಲೆ ಡಾಕ್ಟರು ಹೇಳಿದ ದಿನ, ರಾತ್ರಿ ಮಾತ್ರೆ ಆಗಿ 12 ಗಂಟೆಗೆ, ಬೆಳಗಿನ ಮಾತ್ರೆಗೆ ಮುಂಚೆ ಅಂದೆ. ಬರ್ಕೊಂಡ್ರು.